ನರಾಚಿಯಲ್ಲಿ ಕಾಣದ ಕೆಜಿಎಫ್

ಮಗಳು ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ ನೆಲೆಸಿರುವುದರಿಂದ ಒಂದು ಡಿಸೆಂಬರನ್ನು ಅಲ್ಲಿ ಕಳೆಯುವ ಅವಕಾಶ ನನಗೆ ಒದಗಿತು. ಮಧ್ಯಾಹ್ನ ಮೂರೂವರೆಗೆಲ್ಲ ಕತ್ತಲು ಕವಿಯುವ ಆ ಊರಿನಲ್ಲಿ ನಿವೃತ್ತ ಅಧಿಕಾರಿಯೊಬ್ಬ ಮಾಡಬಹುದಾದ ಕೆಲಸಗಳು ಹೆಚ್ಚೇನೂ ಇರಲಿಲ್ಲ. ಮೊಮ್ಮಗನನ್ನು ಶಾಲೆಯಿಂದ ಕರೆತರುವುದು, ಸಾರಿಗೆ ಹುಣಸೆಹಣ್ಣು ಕಿವುಚುವುದು, ಉಳಿದಂತೆ ಟಿ.ವಿ. ನೋಡುವುದು. ಆ ದೇಶದವರು ಕೊಲೆಯ ಕಥೆಗಳನ್ನು ಎಷ್ಟು ಶ್ರದ್ಧೆಯಿಂದ ತಯಾರಿಸುತ್ತಾರೆಂದರೆ, ಅಲ್ಲಿ ನಿಜವಾಗಿ ನಡೆಯುವ ಕೊಲೆಗಳಿಗಿಂತ ಟಿ.ವಿ.ಯಲ್ಲಿ ನಡೆಯುವವೇ ಹೆಚ್ಚಿರಬೇಕು ಎನ್ನಿಸುತ್ತದೆ. ಇಂಗ್ಲಿಷ್ ಅಡಿಬರಹದ ನೆರವಿನಿಂದ ನಾನೂ ಹಲವು ಕೊಲೆಗಳಿಗೆ ಸಾಕ್ಷಿಯಾದೆ.

ಅವುಗಳಲ್ಲಿ ನನ್ನನ್ನು ಹಿಡಿದು ಕೂರಿಸಿದ್ದು 2016ರಲ್ಲಿ ಪ್ರಸಾರವಾದ 'ಮಿಡ್‌ನೈಟ್ ಸನ್' ಎಂಬ ಎಂಟು ಕಂತುಗಳ ಸ್ವೀಡಿಷ್-ಫ್ರೆಂಚ್ ಧಾರಾವಾಹಿ. ಕಥೆ ನಡೆಯುವುದು ಆರ್ಕ್‌ಟಿಕ್ ವೃತ್ತದ ಉತ್ತರಕ್ಕಿರುವ ಕಿರುನಾ ಎಂಬ ಊರಿನಲ್ಲಿ. ಅದು ಗಣಿಯ ಊರು, 1900ರಲ್ಲಿ ಕಬ್ಬಿಣದ ಅದಿರಿಗಾಗಿಯೇ ಹುಟ್ಟಿದ್ದು. ನೆಲದಡಿಯಲ್ಲಿ ಅಗೆದೂ ಅಗೆದೂ ಊರಿನ ಕಾಲಡಿಯ ಮಣ್ಣೇ ಕುಸಿಯತೊಡಗಿದಾಗ, ಇಡೀ ಪಟ್ಟಣವನ್ನೇ ಪೂರ್ವಕ್ಕೆ ಸಾಗಿಸುವ ಯೋಜನೆಯನ್ನು ಸರ್ಕಾರಿ ಒಡೆತನದ ಗಣಿ ಕಂಪೆನಿ ಕೈಗೆತ್ತಿಕೊಂಡಿತು. 2025ರ ಆಗಸ್ಟ್‌ನಲ್ಲಿ 672 ಟನ್ ತೂಕದ, 1912ರ ಮರದ ಚರ್ಚನ್ನು ಇಡಿಯಾಗಿ ಎತ್ತಿ, ಗಾಲಿಗಳ ಮೇಲಿರಿಸಿ ಎರಡು ದಿನಗಳಲ್ಲಿ ಐದು ಕಿಲೋಮೀಟರ್ ಸಾಗಿಸಿದ್ದನ್ನು ಜಗತ್ತೆಲ್ಲ ನೋಡಿತು.

ನನ್ನ ಮನಸ್ಸು ಮಾತ್ರ ಕಿರುನಾದಲ್ಲಿ ನಿಲ್ಲದೆ ಬಂಗಾರಪೇಟೆಯಲ್ಲಿ ಇಳಿದು, ಬ್ರಾಂಚ್ ಲೈನಿನ ರೈಲು ಹತ್ತಿ ಮಾರಿಕುಪ್ಪಂ ಕಡೆಗೆ ಹೊರಟುಬಿಟ್ಟಿತ್ತು. ಕೋಲಾರ ಚಿನ್ನದ ಗಣಿ ಕಿರುನಾಕ್ಕಿಂತ ಇಪ್ಪತ್ತು ವರ್ಷ ಹಿರಿಯದು. ಜಾನ್ ಟೇಲರ್ ಅಂಡ್ ಸನ್ಸ್ ಇಲ್ಲಿ ಕಾಲಿಟ್ಟದ್ದು 1880ರಲ್ಲಿ. ಆಗ ಬೌರಿಂಗ್‌ಪೇಟೆ ಎನ್ನಿಸಿಕೊಂಡಿದ್ದ ಬಂಗಾರಪೇಟೆಯಿಂದ ಗಣಿಗೆ ರೈಲು ಬಂದದ್ದು 1894ರಲ್ಲಿ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಸುಮಾರು 148 ಕಿಲೋಮೀಟರ್ ದೂರ ತಂತಿಯ ಮೇಲೆ ಹರಿದು ಗಣಿಯನ್ನು ಮುಟ್ಟಿತು. ಕಿರುನಾದ ಅದಿರು ಸಾಗಿಸುವ ರೈಲುಮಾರ್ಗಕ್ಕೆ ವಿದ್ಯುತ್ತು ಬಂದದ್ದು 1915ರಲ್ಲಿ. ಈ ಲೆಕ್ಕವನ್ನು ಅಳಿಯನಿಗೆ ಹೇಳಿ ತುಸು ಬೀಗಿದೆನೆಂಬುದನ್ನು ಒಪ್ಪಿಕೊಳ್ಳಬೇಕು.

ಧಾರಾವಾಹಿಯ ತನಿಖೆ ನಡೆಸುವವರು ಇಬ್ಬರು. ಫ್ರಾನ್ಸಿನಿಂದ ಬಂದ ಪೊಲೀಸ್ ಅಧಿಕಾರಿ ಕಹಿನಾ ಜಾದಿ ಅಲ್ಜೀರಿಯಾ ಮೂಲದ ಹೆಣ್ಣುಮಗಳು. ಆಕೆಗೆ ಜೊತೆಯಾಗುವ ಸ್ಥಳೀಯ ಪ್ರಾಸಿಕ್ಯೂಟರ್ ಅರ್ಧ ಸಾಮಿ ರಕ್ತದವನು. ಸಾಮಿಗಳೆಂದರೆ ಗಣಿ ಬರುವುದಕ್ಕೆ ಎಷ್ಟೋ ಶತಮಾನ ಮೊದಲಿನಿಂದ ಅಲ್ಲಿ ಹಿಮಸಾರಂಗ ಮೇಯಿಸಿಕೊಂಡಿದ್ದ ಮೂಲನಿವಾಸಿಗಳು. ಇವರ ತಲೆಬುರುಡೆ ಅಳೆದು ಕೀಳು ಜನಾಂಗವೆಂದು 'ವೈಜ್ಞಾನಿಕ'ವಾಗಿ ಷರಾ ಬರೆಯುವುದಕ್ಕೆ ಸ್ವೀಡನ್ ಸರ್ಕಾರ 1922ರಲ್ಲಿ ಉಪ್ಸಲಾದಲ್ಲಿ ಒಂದು ಸಂಸ್ಥೆಯನ್ನೇ ತೆರೆದಿತ್ತು. ಧಾರಾವಾಹಿಯಲ್ಲಿ ಸಾಮಿಗಳಿದ್ದಾರೆ, ಅವರ ಭಾಷೆ ಕೇಳಿಸುತ್ತದೆ, ಅವರ ಮೇಲೆ ಸಂಶಯ ಬೀಳುವುದೂ ಕಾಣಿಸುತ್ತದೆ. ಎಲ್ಲವೂ ಸರಿಯಾಗಿದೆ ಎಂದು ನಾನು ಹೇಳಲಾರೆ. ಅವರ ಪುರಾಣ, ನಂಬಿಕೆಗಳನ್ನು ಕೊಲೆಯ ನಿಗೂಢತೆಗೆ ಮಸಾಲೆಯಾಗಿ ಅರೆದಿರುವುದು ನನಗೆ ರುಚಿಸಲಿಲ್ಲ. ನಮ್ಮ ಹಳೆಯ ಸಿನಿಮಾಗಳಲ್ಲಿ ಕಾಡುಜನರನ್ನು ಬೆಂಕಿಯ ಸುತ್ತ ಕುಣಿಸುತ್ತಿದ್ದುದರ ತುಸು ನಾಜೂಕಾದ ರೂಪ ಅದು. ಆದರೂ ಗಣಿಯ ಊರಿನ ಕಥೆ ಹೇಳುವಾಗ ಆ ಊರಿನಲ್ಲಿ ಯಾರು ಯಾರು ಇದ್ದಾರೆಂಬ ಲೆಕ್ಕವನ್ನು ಮೊದಲು ತೆಗೆದುಕೊಂಡಿದ್ದಾರೆ.

ಸ್ಕ್ಯಾಂಡಿನೇವಿಯಾದ ಅಪರಾಧ ಕಥೆಗಳಲ್ಲಿ ಈ ಅಭ್ಯಾಸ ಹಳೆಯದು. ಹೆನ್ನಿಂಗ್ ಮಾಂಕೆಲ್ 1991ರಲ್ಲಿ ಬರೆದ ಮೊದಲ ವಲ್ಲಾಂಡರ್ ಕಾದಂಬರಿಯಲ್ಲಿ ವೃದ್ಧ ರೈತ ದಂಪತಿಯ ಕೊಲೆಯಾಗುತ್ತದೆ. ಸಾಯುವ ಹೆಂಗಸು 'ವಿದೇಶಿ' ಎಂಬೊಂದು ಮಾತು ಉಸುರುತ್ತಾಳೆ. ಆ ಮಾತು ಹೊರಬಿದ್ದದ್ದೇ ತಡ, ನಿರಾಶ್ರಿತರ ಶಿಬಿರದ ಮೇಲೆ ದಾಳಿಯಾಗುತ್ತದೆ, ಏನೂ ಅರಿಯದ ಸೋಮಾಲಿಯಾದವನೊಬ್ಬ ಹತನಾಗುತ್ತಾನೆ. ಮಾಂಕೆಲ್ ಕೊನೆಗೆ ಕೊಲೆಗಾರರನ್ನು ಹೊರಗಿನವರನ್ನಾಗಿಯೇ ಮಾಡಿದ್ದು ನನಗೆ ಇಂದಿಗೂ ಇರಿಸುಮುರಿಸು. ಬಹುಶಃ ಓದುಗನಿಗೆ ಆ ಇರಿಸುಮುರಿಸು ಆಗಲಿ ಎಂದೇ ಹಾಗೆ ಮಾಡಿರಬಹುದು. ಡೆನ್ಮಾರ್ಕಿನ 'ದಿ ಕಿಲ್ಲಿಂಗ್' (2007) ಧಾರಾವಾಹಿಯಲ್ಲಿ ಹುಡುಗಿಯ ಕೊಲೆಯ ಅನುಮಾನ ವಲಸೆ ಮೂಲದ ಶಿಕ್ಷಕ ರಾಮಾನ ಮೇಲೆ ಬೀಳುತ್ತದೆ. ಈತ ಕೆಲವೇ ದಿನಗಳ ಹಿಂದೆ ಆದರ್ಶ ವಲಸಿಗನೆಂದು ರಾಜಕಾರಣಿಯ ಪ್ರಚಾರಕ್ಕೆ ಬಳಕೆಯಾಗಿದ್ದವನು. ಅನುಮಾನ ಬಂದೊಡನೆ ಆದರ್ಶ ಕರಗಿಹೋಗುತ್ತದೆ. ಹೆಣ್ಣು ಕಳೆದುಕೊಂಡ ತಂದೆಯ ಸಿಟ್ಟಿಗೆ ಗುರಿಯಾಗುವವನೂ ಅವನೇ.

2011ರ 'ದಿ ಬ್ರಿಜ್' ಇನ್ನೂ ನೇರ. ಸ್ವೀಡನ್-ಡೆನ್ಮಾರ್ಕ್ ನಡುವಣ ಸೇತುವೆಯ ಮೇಲೆ, ಸರಿಯಾಗಿ ಗಡಿರೇಖೆಯ ಮೇಲೆ, ಒಂದು ಹೆಣ. ಎತ್ತಲು ಹೋದಾಗ ಅದು ಎರಡು ಹೆಣಗಳ ಎರಡು ಅರ್ಧಗಳೆಂದು ತಿಳಿಯುತ್ತದೆ. ಮೇಲಿನರ್ಧ ಸ್ವೀಡನ್ನಿನ ರಾಜಕಾರಣಿಯದು, ಕೆಳಗಿನರ್ಧ ಡೆನ್ಮಾರ್ಕಿನ ವೇಶ್ಯೆಯದು. ಆ ಎರಡನೆಯ ಹೆಂಗಸು ಕಾಣೆಯಾಗಿ ವರ್ಷ ಕಳೆದಿದ್ದರೂ ಪೊಲೀಸರು ತಲೆ ಕೆಡಿಸಿಕೊಂಡಿರಲಿಲ್ಲ. ಮೇಲಿನರ್ಧಕ್ಕಾಗಿ ಎರಡು ದೇಶಗಳ ಪೊಲೀಸರು ಓಡಾಡಿದಾಗ ಮಾತ್ರ ಕೆಳಗಿನರ್ಧಕ್ಕೂ ಒಂದು ಹೆಸರು ದೊರೆಯುತ್ತದೆ.

ಇಂತಹ ಕಥೆಗಳನ್ನು ಕುರಿತು 'ವೈವಿಧ್ಯ', 'ಪ್ರಾತಿನಿಧ್ಯ' ಎಂಬ ಮಾತುಗಳು ಈಗ ಎಲ್ಲೆಡೆ ಕೇಳಿಬರುತ್ತವೆ. ಕರಿಯ ಮುಖ ಎಷ್ಟು, ಹೆಣ್ಣು ಮುಖ ಎಷ್ಟು ಎಂದು ಎಣಿಸುವ ಕೆಲಸ ಅದೆಂದು ಹಲವರು ತಿಳಿದಿದ್ದಾರೆ. ಮೀಸಲಾತಿಯ ರೋಸ್ಟರ್ ಕಡತಗಳನ್ನು ವರ್ಷಗಟ್ಟಲೆ ನೋಡಿದ ನನಗೆ ಎಣಿಕೆಯ ಬಗ್ಗೆ ತಾತ್ಸಾರವಿಲ್ಲ, ಎಣಿಸದಿದ್ದರೆ ಯಾರಿಗೂ ಏನೂ ಸಿಕ್ಕುವುದಿಲ್ಲ. ಆದರೆ ಅಪರಾಧದ ಕಥೆಯಲ್ಲಿ ಕೇಳಬೇಕಾದ ಪ್ರಶ್ನೆ ಬೇರೆಯೂ ಇದೆ. ಯಾರ ಮೇಲೆ ಮೊದಲು ಅನುಮಾನ ಬೀಳುತ್ತದೆ? ಸತ್ತಾಗ ಯಾರಿಗೆ ಹೆಸರಿರುತ್ತದೆ, ಯಾರು ಬರಿಯ ಸಂಖ್ಯೆ? ಕ್ಯಾಮೆರಾ ಯಾರ ಮನೆಯ ಅಡುಗೆಕೋಣೆಯವರೆಗೂ ಹೋಗುತ್ತದೆ?

ಈ ಪ್ರಶ್ನೆಗಳನ್ನು ಜೇಬಿನಲ್ಲಿಟ್ಟುಕೊಂಡು ನಮ್ಮದೇ ಗಣಿಯ ಊರಿಗೆ ಬರೋಣ. ಕರ್ನಾಟಕದ ಯಾವ ಊರಿಗೂ ಸಿಕ್ಕದ ಸಿನಿಮಾ ಕೀರ್ತಿ ಕೆಜಿಎಫ್‌ಗೆ ಸಿಕ್ಕಿದೆ. ಪ್ರಶಾಂತ್ ನೀಲ್ ನಿರ್ದೇಶನದ ಚಿತ್ರದ ಮೊದಲ ಭಾಗ 2018ರ ಡಿಸೆಂಬರ್ 21ರಂದು, ಎರಡನೆಯದು 2022ರ ಏಪ್ರಿಲ್ 14ರಂದು ತೆರೆಕಂಡವು. ಕನ್ನಡ ಚಿತ್ರೋದ್ಯಮ ದೇಶದ ಮುಂದೆ ತಲೆಯೆತ್ತಿ ನಿಂತದ್ದು ಇವುಗಳಿಂದಲೇ. ನಾನೂ ಎರಡನ್ನೂ ಚಿತ್ರಮಂದಿರದಲ್ಲೇ ನೋಡಿದೆ, ಶಿಳ್ಳೆ ಹೊಡೆಯುವ ವಯಸ್ಸಾಗಿರಲಿಲ್ಲವಷ್ಟೆ. ಚಿತ್ರೀಕರಣದ ಬಹುಭಾಗ ಸೈನೈಡ್ ದಿಬ್ಬಗಳ ಮೇಲೆಯೇ ನಡೆಯಿತು. ಗಣಿ ಮುಚ್ಚಿದ ಮೇಲೆ ಆ ಬೂದುಬಣ್ಣದ ದಿಬ್ಬಗಳು ಊರಿಗೆ ಮೊದಲ ಬಾರಿಗೆ ಏನನ್ನಾದರೂ ಕೊಟ್ಟಿದ್ದರೆ ಅದು ಈ ಚಿತ್ರಗಳೇ. ಅದುವರೆಗೆ ಅವು ಕೊಟ್ಟದ್ದು ಗಾಳಿ ಬೀಸಿದಾಗ ಕಣ್ಣಿಗೆ, ಎದೆಗೆ ದೂಳು.

ಚಿತ್ರದ ಗಣಿಯ ಹೆಸರು ನರಾಚಿ. ಕಥೆಯ ಪ್ರಕಾರ ಅಲ್ಲಿ ಚಿನ್ನ ಸಿಕ್ಕುವುದು 1951ರಲ್ಲಿ, ನಾಯಕ ಅಲ್ಲಿಗೆ ಬರುವುದು 1970ರ ದಶಕದ ಕೊನೆಯಲ್ಲಿ. ಒಳಗಿರುವವರು ಗುಲಾಮರು. ಅವರಿಗೆ ಊರಿಲ್ಲ, ಜಾತಿಯಿಲ್ಲ, ಸಂಘವಿಲ್ಲ, ಹೆಚ್ಚಿನವರಿಗೆ ಹೆಸರೂ ಇಲ್ಲ. ಮಸಿ ಮೆತ್ತಿದ ಒಂದೇ ಬಣ್ಣದ ಜನಸಮೂಹ, ಮುಂಬಯಿಯಿಂದ ಒಬ್ಬ ಬಂದು ಬಿಡಿಸುವ ತನಕ ಕಾಯುತ್ತಿರುತ್ತದೆ. ಇದು ಕಾಲ್ಪನಿಕ ಕಥೆ, ಸಿನಿಮಾಕ್ಕೆ ಇತಿಹಾಸದ ಪಾಠ ಹೇಳುವ ಹೊಣೆಯಿಲ್ಲ, ಎಲ್ಲವೂ ನಿಜ. ಆದರೆ ಊರಿನ ಹೆಸರನ್ನು ಶೀರ್ಷಿಕೆಗೆ ತೆಗೆದುಕೊಂಡ ಮೇಲೆ ಊರಿನವರ ಬಗ್ಗೆ ಒಂದು ಮಾತು ಕೇಳುವ ಹಕ್ಕು ಉಳಿದೇ ಉಳಿಯುತ್ತದೆ.

1951ರ ಕೊನೆಗೆ ನಿಜವಾದ ಕೆಜಿಎಫ್‌ನ ಕಾರ್ಮಿಕರು ಏನು ಮಾಡುತ್ತಿದ್ದರು? ದೇಶದ ಮೊದಲ ಮಹಾಚುನಾವಣೆಯಲ್ಲಿ ಮತ ಹಾಕಲು ಸಿದ್ಧರಾಗುತ್ತಿದ್ದರು. ಆ ಹೊತ್ತಿಗೆ ಅವರ ಬೆನ್ನ ಹಿಂದೆ ಎರಡು ತಲೆಮಾರಿನ ಸಂಘಟನೆಯ ಅನುಭವವಿತ್ತು. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿಯೇ ಪಂಡಿತ ಅಯೋತ್ತಿದಾಸರ ಬೌದ್ಧ ಸಂಘದ ಶಾಖೆಗಳು ಮಾರಿಕುಪ್ಪಂ, ಚಾಂಪಿಯನ್ ರೀಫ್‌ಗಳಲ್ಲಿ ತೆರೆದಿದ್ದವು. ಅವರು ಮದರಾಸಿನಿಂದ ಹೊರಡಿಸುತ್ತಿದ್ದ 'ತಮಿಳನ್' ಪತ್ರಿಕೆಗೆ ಮುಂದೆ ಮರುಜನ್ಮ ದೊರೆತದ್ದು ಚಾಂಪಿಯನ್ ರೀಫ್‌ನ ಸಿದ್ಧಾರ್ಥ ಮುದ್ರಣಾಲಯದಲ್ಲಿ, ಜಿ. ಅಪ್ಪಾದುರೈಯವರ ಸಂಪಾದಕತ್ವದಲ್ಲಿ. ಪಾಳಿ ಮುಗಿಸಿ ಮೇಲೆ ಬಂದವರು ಬುದ್ಧನ ಬಗ್ಗೆ, ಜಾತಿಯ ಬಗ್ಗೆ ತಮ್ಮ ಭಾಷೆಯಲ್ಲಿ ಓದುತ್ತಿದ್ದರು, ವಾದಿಸುತ್ತಿದ್ದರು. 1954ರಲ್ಲಿ ಡಾ. ಅಂಬೇಡ್ಕರ್ ಅವರೇ ಈ ಊರಿಗೆ ಬಂದರು. ಚಿತ್ರದ ಎರಡನೆಯ ಭಾಗ ಬಿಡುಗಡೆಯಾದದ್ದು ಅಂಬೇಡ್ಕರ್ ಜಯಂತಿಯಂದು ಎಂಬುದು ಬರಿಯ ಕಾಕತಾಳೀಯ. ಆದರೆ ನೀಲಿ ಬಾವುಟಗಳ ಮೆರವಣಿಗೆ ಹೊರಡುವ ಊರಿನ ಹೆಸರಿನ ಸಿನಿಮಾದಲ್ಲಿ ಆ ನೀಲಿ ಎಲ್ಲಿಯೂ ಇಲ್ಲ. ಕಮ್ಯುನಿಸ್ಟರನ್ನು, ರಿಪಬ್ಲಿಕನ್ ಪಕ್ಷದವರನ್ನು, ಕರ್ನಾಟಕದ ನೆಲದಲ್ಲಿ ಅಣ್ಣಾ ಡಿಎಂಕೆಯವರನ್ನೂ ವಿಧಾನಸೌಧಕ್ಕೆ ಕಳಿಸಿದ ಕ್ಷೇತ್ರವಿದು. ಇಷ್ಟು ಹಟಮಾರಿ ಮತದಾರರನ್ನು ಗುಲಾಮರೆಂದು ಕಲ್ಪಿಸುವುದಕ್ಕೆ ನಿಜಕ್ಕೂ ಪ್ರತಿಭೆ ಬೇಕು.

ಚಿತ್ರ ತೋರಿಸುವ ಕ್ರೌರ್ಯ ಅತಿಯಾಯಿತೆಂಬುದು ನನ್ನ ದೂರಲ್ಲ. ಕ್ರೌರ್ಯ ಇತ್ತು, ಆದರೆ ಅದರ ಸ್ವರೂಪ ಬೇರೆ. ಕೆಜಿಎಫ್‌ನಲ್ಲಿ ಕಾರ್ಮಿಕನು ದಿನವೂ ಶಂಕಿತ ಆರೋಪಿ. ಚಿನ್ನದ ಅದಿರಿನ ಚೂರು ಬಳಿಯಲ್ಲಿದ್ದರೆ ಅಪರಾಧ. ಶಾಫ್ಟ್‌ನಿಂದ ಮೇಲೆ ಬಂದವನ ಮೈಯನ್ನು ತಡವಿ ನೋಡದೆ ಮನೆಗೆ ಬಿಡುತ್ತಿರಲಿಲ್ಲ. ಕಾವಲಿಗೆ ದೂರದ ಪಂಜಾಬಿನಿಂದ ಕರೆತಂದ ಸಿಖ್ಖರು, ಏಕೆಂದರೆ ಕಾಯುವವನಿಗೂ ಕಾಯಿಸಿಕೊಳ್ಳುವವನಿಗೂ ಮಾತು ತಿಳಿಯಬಾರದು. 1930ರಲ್ಲಿ ಎಲ್ಲ ಕಾರ್ಮಿಕರ ಬೆರಳಚ್ಚು ತೆಗೆದು ನೋಂದಾಯಿಸುವ ಕ್ರಮ ಬಂತು. ಬೆರಳಚ್ಚು ಕೊಡುವುದು ಕಳ್ಳರು, ನಾವಲ್ಲ ಎಂದು ಸಾವಿರಾರು ಜನ ಕೆಲಸ ನಿಲ್ಲಿಸಿದರು. ಕೂಲಿಯ ಪ್ರಶ್ನೆಗಿಂತ ಮೊದಲು ಮಾನದ ಪ್ರಶ್ನೆಗೆ ನಡೆದ ಮುಷ್ಕರವದು. ಯಾವ ನಾಯಕನೂ ಮುಂಬಯಿಯಿಂದ ಬಂದಿರಲಿಲ್ಲ. ಅಪರಾಧ ಕಥೆ ಬರೆಯುವವನಿಗೆ ಇದಕ್ಕಿಂತ ಒಳ್ಳೆಯ ಆರಂಭ ಬೇಕೆ?

ಇನ್ನು ಕೊಲೆಗಳು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದಿತ್ತು. ಅಷ್ಟು ಆಳದಲ್ಲಿ ಬಂಡೆ ತನ್ನ ಮೇಲಿನ ಭಾರ ತಾಳಲಾರದೆ ಸಿಡಿಯುತ್ತದೆ. ಹಾಗೆ ಸಿಡಿದಾಗ ಮೇಲಿನ ಮನೆಗಳ ಪಾತ್ರೆಗಳು ಅಲುಗಾಡುತ್ತಿದ್ದವು, ಲೈನ್‌ಗಳಲ್ಲಿದ್ದ ಹೆಂಗಸರು ಯಾವ ಪಾಳಿಯವರು ಒಳಗಿದ್ದಾರೆಂದು ಲೆಕ್ಕ ಹಾಕುತ್ತ ಶಾಫ್ಟ್ ಕಡೆಗೆ ಓಡುತ್ತಿದ್ದರು. ಸಿಡಿಯದಿದ್ದರೆ ದೂಳು. 1940ರ ದಶಕದಲ್ಲಿ ಕಾರ್ಮಿಕರ ಶ್ವಾಸಕೋಶ ಪರೀಕ್ಷಿಸಿದಾಗ ಹತ್ತರಲ್ಲಿ ನಾಲ್ವರಿಗೂ ಹೆಚ್ಚು ಮಂದಿಗೆ ಸಿಲಿಕೋಸಿಸ್ ಕಂಡುಬಂದಿತ್ತು. ಈ ಸಾವುಗಳಿಗೆ ಎಫ್‌ಐಆರ್ ಇಲ್ಲ. ಕೊಡಲಿ ಹಿಡಿದ ಖಳನಾಯಕನಿಲ್ಲದೆ ಜನ ಸಾಯುವುದನ್ನು ತೆರೆಯ ಮೇಲೆ ತೋರಿಸುವುದು ಕಷ್ಟವೆಂಬುದು ನನಗೂ ಗೊತ್ತು.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನಿರ್ಮಾಪಕರ ಲೆಕ್ಕಾಚಾರವೂ ನನಗೆ ಅರ್ಥವಾಗುತ್ತದೆ. ಐದು ಭಾಷೆಗಳಲ್ಲಿ ಮಾರಾಟವಾಗಬೇಕಾದ ಸರಕಿಗೆ ಊರಿನ ಗುರುತು ಹೆಚ್ಚಿದಷ್ಟೂ ಮಾರುಕಟ್ಟೆ ಕುಗ್ಗುವ ಭಯ. ಜಾತಿ, ಭಾಷೆ, ಪಕ್ಷ ಎಲ್ಲವನ್ನೂ ತೊಳೆದು ಹಾಕಿದ ಗಣಿ ಗೋರಖಪುರದಲ್ಲೂ ಓಡುತ್ತದೆ, ಗುಂಟೂರಿನಲ್ಲೂ ಓಡುತ್ತದೆ. ಸ್ವೀಡನ್, ಡೆನ್ಮಾರ್ಕ್‌ಗಳಲ್ಲಿ ಇಂತಹ ಧಾರಾವಾಹಿಗಳ ಹಿಂದೆ ಸಾರ್ವಜನಿಕ ಹಣದಿಂದ ನಡೆಯುವ ಟಿ.ವಿ. ಸಂಸ್ಥೆಗಳಿವೆ. ನಷ್ಟದ ಭಯ ಅಷ್ಟಿಲ್ಲದಿರುವುದರಿಂದ ಅವರಿಗೆ ಊರಿನ ವಿವರಗಳಿಗೆ ಹೋಗುವ ಪುರಸತ್ತು ಇದೆ. ವಿಚಿತ್ರವೆಂದರೆ ಹಾಗೆ ಒಂದೇ ಊರಿಗೆ ಅಂಟಿಕೊಂಡ ಕಥೆಗಳೇ ಲೋಕದ ತುಂಬ ಮಾರಾಟವಾದವು. 'ದಿ ಬ್ರಿಜ್' ಅನ್ನು ಅಮೆರಿಕದವರು 2013ರಲ್ಲಿ ತಮ್ಮ ಮೆಕ್ಸಿಕೊ ಗಡಿಗೆ ಕೊಂಡೊಯ್ದು ಮರುನಿರ್ಮಿಸಿದರು. ಅಂದಹಾಗೆ, 'ಕೆಜಿಎಫ್' ಚಿತ್ರದ ತಮಿಳು ಡಬ್ಬಿಂಗ್‌ನಲ್ಲಿ ನರಾಚಿಯ ಜನ ತಮಿಳು ಮಾತಾಡುತ್ತಾರೆ. ಮಾರುಕಟ್ಟೆಗಾಗಿ ಮಾಡಿದ ಆವೃತ್ತಿ ಮೂಲಕ್ಕಿಂತ ನಿಜಕ್ಕೆ ಹತ್ತಿರವಾದ ಉದಾಹರಣೆ ಬೇರೆ ಇದ್ದರೆ ಓದುಗರು ತಿಳಿಸಬೇಕು.

ಏಕೆಂದರೆ ಕೆಜಿಎಫ್‌ನ ನೆಲದಡಿಗೆ ಇಳಿದವರಲ್ಲಿ ಬಹುಪಾಲು ಜನ ಉತ್ತರ ಆರ್ಕಾಟು, ಸೇಲಂ, ಧರ್ಮಪುರಿ ಕಡೆಯಿಂದ ಬಂದ ತಮಿಳು ಮಾತಿನ ಆದಿದ್ರಾವಿಡರು. ಚಿತ್ತೂರು ಕಡೆಯ ತೆಲುಗರೂ ಇದ್ದರು. ಮೇಲ್ವಿಚಾರಣೆಗೆ ಇಂಗ್ಲೆಂಡಿನ ಕಾರ್ನ್‌ವಾಲ್‌ನವರು, ಇಟಲಿಯವರು, ಆಂಗ್ಲೋ-ಇಂಡಿಯನ್ನರು. ಸುತ್ತಲ ಹಳ್ಳಿಗಳ ಕನ್ನಡ, ತೆಲುಗು ರೈತರು ಗಣಿಗೆ ರಾಗಿ, ಹುರುಳಿ, ಹಾಲು ಮಾರಿದರೇ ಹೊರತು ಒಳಗೆ ಇಳಿದವರು ಕಡಿಮೆ. ಹೊಲ ಇದ್ದವನು ಪಾತಾಳಕ್ಕೆ ಏಕೆ ಇಳಿದಾನು?

ಇಲ್ಲಿಗೆ ಬಂದಾಗ ನನ್ನದೇ ಒಂದು ಕಡತ ತೆರೆಯಬೇಕಾಗುತ್ತದೆ. ಎಂಬತ್ತರ ದಶಕದ ಕೊನೆಯಲ್ಲಿ, ಸೇವೆಗೆ ಸೇರಿದ ಹೊಸತರಲ್ಲಿ, ಆ ಭಾಗದ ಕಂದಾಯ ಕಚೇರಿಯೊಂದರಲ್ಲಿ ನಾನು ಕೆಲಸ ಮಾಡಿದೆ. ಜಾತಿ ಪ್ರಮಾಣಪತ್ರ, ವಾಸಸ್ಥಳ ದೃಢೀಕರಣದ ಅರ್ಜಿಗಳು ಕಟ್ಟುಕಟ್ಟಾಗಿ ಬರುತ್ತಿದ್ದ ಕಾಲ. ಒಂದು ಬೆಳಿಗ್ಗೆ ನಿವೃತ್ತ ಗಣಿಕಾರ್ಮಿಕರೊಬ್ಬರು ಪಾಲಿಟೆಕ್ನಿಕ್ ಸೇರಲಿದ್ದ ಮೊಮ್ಮಗನ ಕೈ ಹಿಡಿದು ಬಂದರು. ಮೂರು ತಲೆಮಾರಿನಿಂದ ಇಲ್ಲಿಯೇ ಇದ್ದೇವೆ ಎಂದರು. ದಾಖಲೆ ಕೇಳಿದೆ. ಮನೆ ಕಂಪೆನಿಯ ಲೈನ್‌ನಲ್ಲಿ, ಅಂದರೆ ಅವರದಲ್ಲ. ನೆಲ ಕಂಪೆನಿಯದು. ಕಂದಾಯ ರಸೀದಿ ಇರಲು ಕಾರಣವೇ ಇಲ್ಲ. ಅವರ ಬಳಿ ಇದ್ದದ್ದು ತಂದೆಯ ಕಾಲದ ಕಂಪೆನಿ ಚೀಟಿಯೊಂದು, ಮಡಿಕೆಗಳಲ್ಲಿ ಹರಿದದ್ದು. ನನ್ನ ಕೈಕೆಳಗಿನ ಗುಮಾಸ್ತರು ಅದನ್ನು ನೋಡಿ, "ಇವರೆಲ್ಲ ಆ ಕಡೆಯವರು ಸಾರ್, ಸೌಲಭ್ಯಕ್ಕೆ ಇಲ್ಲಿ ಬರ್ತಾರೆ" ಎಂದು ಮೆಲ್ಲಗೆ ಹೇಳಿದರು. ನಾನು ಪಹಣಿಯೋ ಮತ್ತಾವುದಾದರೂ ಭೂದಾಖಲೆಯೋ ತರುವಂತೆ ಹೇಳಿ ಅರ್ಜಿಯನ್ನು ಹಿಂತಿರುಗಿಸಿದೆ.

ಆ ಹಿರಿಯರು ಸಿಟ್ಟಾಗಲಿಲ್ಲ. ತಮಿಳಿನ ಎಳೆತವಿದ್ದ ಕನ್ನಡದಲ್ಲಿ, "ಸಾರ್, ನಾನು ಮೂವತ್ತೆರಡು ವರ್ಷ ಭೂಮಿ ಕೆಳಗೇ ಇದ್ದೆ. ಮೇಲಿನ ಪಹಣಿ ಎಲ್ಲಿಂದ ತರಲಿ?" ಎಂದರು. ಕಚೇರಿಯಲ್ಲಿ ಒಂದಿಬ್ಬರು ನಕ್ಕರು. ನಾನೂ ನಕ್ಕಿರಬೇಕು. ಅವರು ಮತ್ತೆ ಬರಲಿಲ್ಲ. ಆ ಹುಡುಗ ಪಾಲಿಟೆಕ್ನಿಕ್ ಸೇರಿದನೋ ಇಲ್ಲವೋ ನನಗೆ ತಿಳಿಯದು. ನಿಯಮದ ಪ್ರಕಾರ ನಾನು ಮಾಡಿದ್ದು ತಪ್ಪಲ್ಲವೆಂದು ವರ್ಷಗಳ ಕಾಲ ಸಮಾಧಾನ ಹೇಳಿಕೊಂಡೆ. ಸ್ಥಳ ತನಿಖೆಗೆ ಕಳಿಸಿದ್ದರೆ ಅರ್ಧ ದಿನದ ಕೆಲಸ. ಆ ಲೈನ್‌ನಲ್ಲಿ ಯಾರನ್ನು ಕೇಳಿದ್ದರೂ ಹೇಳುತ್ತಿದ್ದರು. ನಾನು ಕಳಿಸಲಿಲ್ಲ, ಏಕೆಂದರೆ ಗುಮಾಸ್ತರು ಪಿಸುಗುಟ್ಟಿದ 'ಆ ಕಡೆಯವರು' ಎಂಬ ಮಾತು ನನ್ನ ಕಿವಿಯಲ್ಲಿ ಆಗಲೇ ತೀರ್ಪಾಗಿ ಕುಳಿತಿತ್ತು. ಮಾಂಕೆಲ್ ಕಾದಂಬರಿಯ 'ವಿದೇಶಿ' ಎಂಬ ಮಾತನ್ನು ಓದಿದಾಗ ನನಗೆ ನೆನಪಾದದ್ದು ಸ್ವೀಡನ್ನಿನ ರೈತರಲ್ಲ, ನನ್ನದೇ ಮೇಜು. 2020ರ ಜನವರಿಯಲ್ಲಿ ಸ್ವೀಡನ್ನಿನ ಸರ್ವೋಚ್ಚ ನ್ಯಾಯಾಲಯ ಗಿರ್ಯಸ್ ಎಂಬ ಸಾಮಿ ಸಮುದಾಯದ ಪರವಾಗಿ ಬೇಟೆ, ಮೀನುಗಾರಿಕೆಯ ಹಕ್ಕಿನ ತೀರ್ಪು ನೀಡಿತು. ಕಾಗದವಿಲ್ಲದ, ಬಹುಕಾಲದ ಬಳಕೆಯೇ ಆಧಾರವಾದ ಹಕ್ಕದು. ಕಂದಾಯ ಇಲಾಖೆಯವನಾದ ನಾನು ಆ ಸುದ್ದಿಯನ್ನು ಎರಡು ಬಾರಿ ಓದಿದೆ.

'ಆ ಕಡೆಯವರು' ಎಂಬುದೇ ಕೆಜಿಎಫ್‌ನ ಕಥೆ ಕನ್ನಡದಲ್ಲಿ ಹೇಳಲ್ಪಡದೆ ಉಳಿದುದಕ್ಕೆ ಕಾರಣವೆಂದು ನನಗೆ ಈಗ ಅನ್ನಿಸುತ್ತದೆ. ತಮಿಳು ಮಾತಾಡುವವರ ಕಥೆ, ನಮ್ಮದಲ್ಲ ಎಂದು ಕನ್ನಡದವರು ಬಿಟ್ಟರು. ಮೈಸೂರು ಸೀಮೆಯ ಕಥೆ, ನಮ್ಮದಲ್ಲ ಎಂದು ತಮಿಳಿನವರೂ ಬಹುಕಾಲ ಬಿಟ್ಟರು. ಆದರೆ ಇದೇ ಜಿಲ್ಲೆಯ ಮಾಲೂರು ತಾಲ್ಲೂಕಿನ ಹುಂಗೇನಹಳ್ಳಿಯಲ್ಲಿ ಹುಟ್ಟಿದ, ಮನೆಯಲ್ಲಿ ತಮಿಳು ಮಾತಾಡುತ್ತಿದ್ದ ಮಾಸ್ತಿ ವೆಂಕಟೇಶ ಅಯ್ಯಂಗಾರರನ್ನು 'ಕನ್ನಡದ ಆಸ್ತಿ' ಎಂದು ಹೆಮ್ಮೆಯಿಂದ ಕರೆದೆವು, ಸರಿಯಾಗಿಯೇ ಕರೆದೆವು. ಒಂದೇ ಜಿಲ್ಲೆ, ಮನೆಮಾತು ಒಂದೇ. ಮಾಸ್ತಿಯವರು ಕನ್ನಡದಲ್ಲಿ ಬರೆದರು, ಗಣಿಯವರು ಬರೆಯಲಿಲ್ಲ ಎಂದು ಉತ್ತರ ಬರಬಹುದು. ಅದು ಅರ್ಧ ನಿಜ. ಉಳಿದರ್ಧ ಎಲ್ಲಿದೆಯೆಂಬುದನ್ನು ಹುಡುಕಲು ಪತ್ತೇದಾರ ಬೇಕಾಗಿಲ್ಲ. ಜಾತಿ, ವರ್ಗ, ವಾಸದ ಬೀದಿ ಇವಿಷ್ಟೂ ಕಣ್ಣಿಗೆ ಕಾಣುವ ಸಾಕ್ಷ್ಯಗಳೇ.

ಕೊನೆಗೂ ಆ ಜನರಿಗೆ ಹೆಸರು ಕೊಟ್ಟ ಚಿತ್ರ ತಮಿಳಿನಿಂದ ಬಂತು. ಪಾ. ರಂಜಿತ್ ಅವರ 'ತಂಗಲಾನ್' 2024ರ ಆಗಸ್ಟ್ 15ರಂದು ಬಿಡುಗಡೆಯಾಯಿತು. ಉತ್ತರ ಆರ್ಕಾಟಿನ ಹಳ್ಳಿಯೊಂದರಿಂದ ಬ್ರಿಟಿಷ್ ದೊರೆಯ ಹಿಂದೆ ಚಿನ್ನ ಹುಡುಕುತ್ತ ಬರುವ ದಲಿತ ಕುಟುಂಬಗಳ ಕಥೆ. ವಿಕ್ರಂ, ಪಾರ್ವತಿ ಅಭಿನಯದ ದಂಪತಿಗೆ ಸ್ವಂತದ ಗದ್ದೆ ಇದೆ, ಜಗಳವಿದೆ, ಸರಸವಿದೆ, ನಗು ಇದೆ. ಕಥೆಯ ಕಾಲವನ್ನು ನಿಜವಾದ ಗಣಿಗಾರಿಕೆಗಿಂತ ಸುಮಾರು ಮೂವತ್ತು ವರ್ಷ ಹಿಂದಕ್ಕೆ ತಳ್ಳಿದ್ದಾರೆ, ದ್ವಿತೀಯಾರ್ಧದಲ್ಲಿ ಮಾಯಾಮಂತ್ರ ನನ್ನ ತಾಳ್ಮೆಗೆ ಮೀರಿತು, ಗದ್ದಲವೂ ಅಷ್ಟೇ. ಹಾಗಿದ್ದರೂ ಒಳಗೆ ಇಳಿದವರು ಯಾರು, ಎಲ್ಲಿಂದ ಬಂದರು, ಏತಕ್ಕೆ ಬಂದರು ಎಂಬ ಪ್ರಶ್ನೆಗಳಿಗೆ ಉತ್ತರ ಅಲ್ಲಿದೆ. ಹಳ್ಳಿಯಲ್ಲಿ ಜಮೀನ್ದಾರನ ಜೀತಕ್ಕಿಂತ ದೊರೆಯ ಕೂಲಿ ಮೇಲು ಎಂಬ ಲೆಕ್ಕ ಅವರದಾಗಿತ್ತು. ಅಂದರೆ ಅವರು ಗುಲಾಮರಾಗಲು ಬಂದವರಲ್ಲ, ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದವರು. ನರಾಚಿ ತಲೆಕೆಳಗು ಮಾಡಿದ್ದು ಇದನ್ನೇ.

ಗಣಿ 2001ರ ಫೆಬ್ರುವರಿ 28ರಂದು ಮುಚ್ಚಿತು. ಮೈಸೂರು ಸರ್ಕಾರ 1956ರಲ್ಲಿ ವಶಕ್ಕೆ ಪಡೆದು, 1962ರಲ್ಲಿ ಕೇಂದ್ರಕ್ಕೆ ಹಸ್ತಾಂತರಿಸಿ, 1972ರಿಂದ ಭಾರತ್ ಗೋಲ್ಡ್ ಮೈನ್ಸ್ ಎಂಬ ಹೆಸರಿನಲ್ಲಿ ನಡೆದ ಸಂಸ್ಥೆಗೆ ಒಂದು ದಿನದಲ್ಲಿ ಬೀಗ ಬಿತ್ತು. ನೂರಿಪ್ಪತ್ತು ವರ್ಷಗಳಲ್ಲಿ ಸುಮಾರು 800 ಟನ್ ಚಿನ್ನ ಕೊಟ್ಟ ನೆಲ. ಈಗ ದಿಬ್ಬಗಳಲ್ಲಿ ಉಳಿದ ಚಿನ್ನವನ್ನು ತೆಗೆಯುವ ಮಾತು ನಡೆದಿದೆ, 2024ರಲ್ಲಿ ರಾಜ್ಯ ಸಂಪುಟ ಅದಕ್ಕೆ ಒಪ್ಪಿಗೆಯನ್ನೂ ಕೊಟ್ಟಿತು. ಕಿರುನಾದಲ್ಲಿ ಚರ್ಚನ್ನೂ ಬಿಡದೆ ಊರನ್ನು ಹೊತ್ತು ಸಾಗಿಸಿದರು. ನಮ್ಮಲ್ಲಿ ಊರು ತನ್ನನ್ನು ತಾನೇ ದಿನವೂ ಹೊತ್ತು ಸಾಗಿಸುತ್ತದೆ, ಬೆಳಗಿನ ಜಾವದ ಮಾರಿಕುಪ್ಪಂ ರೈಲಿನಲ್ಲಿ, ಬಂಗಾರಪೇಟೆಯ ಮೇಲೆ ಬೆಂಗಳೂರಿಗೆ, ರಾತ್ರಿ ಮತ್ತೆ ವಾಪಸು.

ಇಲ್ಲಿ ಒಂದು 'ದಿ ಬ್ರಿಜ್' ಏಕೆ ಆಗಬಾರದು ಎಂದು ನಾನು ಆಗಾಗ ಯೋಚಿಸುವುದುಂಟು. ಕೆಜಿಎಫ್‌ನಿಂದ ಆಂಧ್ರದ ಗಡಿ ಕೂಗಳತೆ, ತಮಿಳುನಾಡೂ ದೂರವಿಲ್ಲ. ಗಡಿಕಲ್ಲಿನ ಮೇಲೆ ಒಂದು ಹೆಣ, ಮೂರು ರಾಜ್ಯಗಳ ಪೊಲೀಸರು, ನಿವೃತ್ತ ಆಂಗ್ಲೋ-ಇಂಡಿಯನ್ ನರ್ಸ್ ಒಬ್ಬಾಕೆಯ ಸಾಕ್ಷ್ಯ, ಚಾಂಪಿಯನ್ ರೀಫ್‌ನ ಮಹಿಳಾ ಸಬ್ ಇನ್‌ಸ್ಪೆಕ್ಟರ್. ಮನೆಯಲ್ಲಿ ತಮಿಳು, ಠಾಣೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು ಮಾತಾಡುವವಳು. ಅವಳ ಅಜ್ಜ 1930ರಲ್ಲಿ ಬೆರಳಚ್ಚು ಕೊಡಲೊಪ್ಪದವನು, ಈಗ ಬೆರಳಚ್ಚು ತೆಗೆಯುವುದು ಅವಳ ಕೆಲಸ. ಅಗ್ಗದಲ್ಲಿ ಆಗುವ ಧಾರಾವಾಹಿ, ಸೆಟ್ ಹಾಕುವ ಖರ್ಚೂ ಇಲ್ಲ. ನಿರ್ಮಾಪಕರು ಯಾರಾದರೂ ಓದುತ್ತಿದ್ದರೆ ಕಥೆಗೆ ಸಂಭಾವನೆ ಕೇಳುವುದಿಲ್ಲ.

ಕಳೆದ ವರ್ಷ ಮದುವೆಯೊಂದಕ್ಕೆ ಬಂಗಾರಪೇಟೆಗೆ ಹೋಗಿದ್ದೆ. ಹಿಂತಿರುಗುವ ಮೊದಲು ಅಲ್ಲಿನ ಪ್ರಸಿದ್ಧ ಬಿಳಿನೀರಿನ ಪಾನಿಪುರಿ ತಿನ್ನೋಣವೆಂದು ಗಾಡಿಯ ಬಳಿ ನಿಂತೆ. ಪಕ್ಕದಲ್ಲಿ ಕಾರ್ಖಾನೆಯ ಗುರುತಿನ ಚೀಟಿ ಕೊರಳಿಗೆ ಹಾಕಿಕೊಂಡ ಮೂವರು ಹುಡುಗರು ಮಾರಿಕುಪ್ಪಂ ರೈಲಿಗೆ ಕಾಯುತ್ತಿದ್ದರು. ಒಬ್ಬನ ಅಂಗಿಯ ಮೇಲೆ ಯಶ್ ಚಿತ್ರ. ಸಿನಿಮಾ ಹೇಗಿತ್ತು ಎಂದು ಕೇಳಿದೆ. "ಸೂಪರ್ ಅಂಕಲ್, ಹತ್ತು ಸಲ ನೋಡಿದೀನಿ" ಎಂದ. ಅದರಲ್ಲಿ ನಿಮ್ಮ ಊರು ಇತ್ತಾ ಎಂದು ಕೇಳಿದೆ. ಸ್ವಲ್ಪ ಯೋಚಿಸಿ, "ದಿಬ್ಬ ಇತ್ತು" ಎಂದ. ಅವನ ಗೆಳೆಯ, "ಇವರ ತಾತ ಚಾಂಪಿಯನ್‌ನಲ್ಲಿ ಮರದ ಕಂಬ ಹೂಡುತ್ತಿದ್ದರು, ಎರಡು ಸಲ ಮಣ್ಣಡಿ ಸಿಕ್ಕಿ ಬದುಕಿದ್ದಾರೆ" ಎಂದ. ತಾತನ ಹೆಸರೇನು ಎಂದು ನಾನು ಕೇಳುವಷ್ಟರಲ್ಲಿ ರೈಲು ಬರುವ ಸದ್ದಾಯಿತು. ಹುಡುಗರು ದೊನ್ನೆಗಳನ್ನು ಎಸೆದು ಓಡಿದರು.